ಆರಡಿ ಆಚೆಗೆ

‘ಮಣ್ಣು ಸುಳ್ಳು ಹೇಳುವುದಿಲ್ಲ’ ಎಂದು ನಮ್ಮ ಲ್ಯಾಬಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದಾರೆ ನಮ್ಮ ಮಾಲೀಕರು. ಅವರಿಗೇನು, ಬರೆಸಿ ಮನೆಗೆ ಹೋದರು. ಹದಿನೇಳು ವರ್ಷದಿಂದ ಅದರ ಕೆಳಗೆ ಕೂತು ರಿಪೋರ್ಟು ಬರೆಯುವವನು ನಾನು. ಹೆಸರು ಪ್ರೇಮಕುಮಾರ, ಓದಿದ್ದು ಡಿಪ್ಲೊಮಾ. ಕಲಬುರಗಿಯ ಖೂಬಾ ಪ್ಲಾಟಿನ ಓಣಿಯೊಂದರಲ್ಲಿರುವ ಈ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಫೀಲ್ಡ್ ಇನ್‌ಚಾರ್ಜ್ ನಾನೇ. ಬಾಯಿ ಸ್ವಲ್ಪ ಜೋರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಸಂಘಮಿತ್ರಾ ಹೇಳುತ್ತಾಳೆ. ಇರಲಿ. ಆ ಸಿಟ್ಟನ್ನು ಈಗ ನನ್ನ ಮೇಲೇ ತಿರುಗಿಸಿಕೊಂಡು ಇದನ್ನು ಹೇಳುತ್ತಿದ್ದೇನೆ.

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ಕಟ್ಟಡ ಬರುವ ಜಾಗದಲ್ಲಿ ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ನೆಲಕ್ಕೆ ತೂತು ಹೊಡೆದು, ಅದರೊಳಗೆ ರಾಡು ಇಳಿಸುತ್ತೇವೆ. ರಾಡಿನ ತಲೆಯ ಮೇಲೆ ಅರವತ್ತಮೂರೂವರೆ ಕಿಲೋ ತೂಕದ ಹ್ಯಾಮರು. ನಾಲ್ಕು ಜನ ಹಗ್ಗ ಹಿಡಿದು ಅದನ್ನು ಎರಡೂವರೆ ಅಡಿ ಎತ್ತಿ ಬಿಡುತ್ತಾರೆ. ಎತ್ತು, ಬಿಡು, ಎತ್ತು, ಬಿಡು. ರಾಡು ಒಂದಡಿ ಇಳಿಯಲು ಎಷ್ಟು ಏಟು ಬೇಕಾಯಿತೋ ಅದನ್ನು ನಾನು ಎಣಿಸಿ ಬರೆದುಕೊಳ್ಳುತ್ತೇನೆ. ಏಟು ಹೆಚ್ಚಾದರೆ ನೆಲ ಗಟ್ಟಿ, ಕಡಿಮೆಯಾದರೆ ಮೆತ್ತಗೆ. ಆ ಲೆಕ್ಕ ಹಿಡಿದು ಎಂಜಿನಿಯರು ಪಾಯ ಎಷ್ಟು ಆಳ, ಎಷ್ಟು ಅಗಲ ಎಂದು ತೀರ್ಮಾನಿಸುತ್ತಾನೆ. ನಾನು ಬರೆದದ್ದನ್ನು ಯಾರೂ ಮತ್ತೆ ತೂತು ಹೊಡೆದು ನೋಡುವುದಿಲ್ಲ.

ಕಮಲಾಪುರ ನನ್ನ ತಾಯಿಯ ತವರು. ಕಲಬುರಗಿಯಿಂದ ಮುಕ್ಕಾಲು ತಾಸಿನ ದಾರಿ. ಅಲ್ಲಿನ ನಮ್ಮ ಓಣಿಯವರು ಒಂದು ಬುದ್ಧವಿಹಾರ ಕಟ್ಟಬೇಕೆಂದು ವರ್ಷಗಟ್ಟಲೆ ಮಾತಾಡಿ, ಕೊನೆಗೆ ಮನಸ್ಸು ಮಾಡಿದರು. ಕೆಳಗೆ ವಂದನೆಗೆ ಒಂದು ಹಾಲು, ಮೇಲೆ ಮಕ್ಕಳು ಕೂತು ಓದಲು ಒಂದು ಕೋಣೆ. ಮನೆಗೊಬ್ಬರಂತೆ ಬಂದು ಕಲ್ಲು ಹೊತ್ತರು. ಕಮಿಟಿಗೆ ಹಿರಿಯನೆಂದರೆ ದತ್ತಪ್ಪ ಕಾಕಾ, ಪೋಸ್ಟ್‌ಮನ್ ಆಗಿ ರಿಟೈರ್ ಆದವನು. ಒಂದು ದಿನ ಅವನ ಫೋನು ಬಂತು.

“ಪ್ರೇಮ್ಯಾ, ಊರ ಮಂದಿ ಮನಿಗೆಲ್ಲ ಮಣ್ಣ ನೋಡಾಂವ ನೀನು. ನಮ್ಮ ವಿಹಾರಕ್ಕ ಬ್ಯಾರೆ ಯಾರನ್ನ ಕರೀಲೋ? ಒಂದಿನ ನಿನ್ನ ಮಷಿನ್ ತೊಗೊಂಡು ಬಂದು ಹೋಗು.”

ಕರೆದದ್ದು ಹೆಮ್ಮೆಯೇ ಆಯಿತು. ಮಾಲೀಕರನ್ನು ಕೇಳಿ, ಹುಮನಾಬಾದ ಕಡೆ ಕೆಲಸ ಮುಗಿಸಿ ಬರುವಾಗ ಅರ್ಧ ದಿನ ಅಲ್ಲಿ ನಿಂತೆ. ಎರಡು ವರ್ಷದ ಹಿಂದಿನ ಫೆಬ್ರವರಿ ಅದು. ಮೂರು ಪಾಯಿಂಟು ಗುರುತು ಮಾಡಿಕೊಂಡಿದ್ದೆವು. ಮೊದಲ ಎರಡು ಚೆನ್ನಾಗಿ ಬಂದವು. ಮೇಲೆ ಎರಡಡಿ ಕರಿ ಎರೆಮಣ್ಣು, ಅದರ ಕೆಳಗೆ ಕೆಂಪು ಗರಸು ಎಂಬ ಗಟ್ಟಿ ಜಲ್ಲಿಮಣ್ಣು, ಒಂದಡಿಗೆ ಇಪ್ಪತ್ತೆಂಟು, ಮೂವತ್ತು ಏಟು. ಮೂರನೆಯದು ಹಿಂದಿನ ಮೂಲೆಗೆ, ಬೇವಿನ ಗಿಡದ ಕಡೆ. ಅಲ್ಲಿಯೂ ಎಂಟಡಿಯವರೆಗೆ ಗರಸೇ ಇತ್ತು. ಆಮೇಲೆ ಒಂದೇ ಏಟಿಗೆ ರಾಡು ಧಸಕ್ಕನೆ ನಾಲ್ಕಡಿ ಒಳಗೆ ಹೋಯಿತು. ಹಗ್ಗ ಹಿಡಿದವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು.

ಮೇಲೆತ್ತಿ ರಾಡಿನ ತುದಿಯ ಕೊಳವೆ ಬಿಚ್ಚಿದರೆ ಒಳಗೆ ಇದ್ದದ್ದು ಮಣ್ಣಲ್ಲ. ಕರಿ ಹೊಟ್ಟು, ಕೊಳೆತ ಹುಲ್ಲು, ಮುಗ್ಗಲು ಹಿಡಿದ ಜೋಳದ ವಾಸನೆ.

ನಮಗೆ ಚಹಾ ತಂದು ಗಿಡದ ನೆರಳಿಗೆ ಕೂತಿದ್ದ ಪುತಳಾಬಾಯಿ ದೊಡ್ಡವ್ವ ಅದನ್ನು ನೋಡಿ ನಕ್ಕಳು. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಎಪ್ಪತ್ತು ದಾಟಿದವಳು.

“ಹಗೇವಿಗಿ ತೂತ ಹೊಡದ್ರೆಲ್ಲೋ! ಗೌಡರ ಹಗೇವು ಅದು.”

ಹಗೇವು ಎಂದರೆ ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ನೆಲದಲ್ಲಿ ಹೂತಿಟ್ಟ ಗಡಿಗೆಯ ಹಾಗೆ. ಅಷ್ಟಕ್ಕೆ ದೊಡ್ಡವ್ವ ಸುಮ್ಮನಿದ್ದಿದ್ದರೆ ನಾನೂ ಬಹುಶಃ ನೆಟ್ಟಗೆ ಬರೆದುಕೊಳ್ಳುತ್ತಿದ್ದೆ. ಆದರೆ ಮಷಿನ್ ನಡೆಸುವ ಕಾಮ್ರಾನ್ ಇದ್ದಾನಲ್ಲ, ಅವನಿಗೆ ಕತೆ ಎಂದರೆ ಪ್ರಾಣ. “ಯಾರ ತೋಡ್ತಿದ್ರು ಅಜ್ಜಿ ಇದನ್ನ?” ಎಂದು ಕೇಳಿಬಿಟ್ಟ.

“ಯಾರ ಅಂದ್ರ? ನಮ್ಮಪ್ಪ. ಇವನ ಅಜ್ಜ,” ಎಂದು ನನ್ನ ಕಡೆ ಕೈ ತೋರಿಸಿದಳು. “ತೋಡಾಂವನೂ ಅವನೇ, ಇಳಿಯಾಂವನೂ ಅವನೇ. ಸೊಂಟಕ್ಕ ಹಗ್ಗ ಕಟ್ಟಿ ಇಳಸ್ತಿದ್ರಪ್ಪ. ಮೊದಲ ಒಂದ ದೀಪ ಇಳಸಬೇಕು, ದೀಪ ಆರಿದ್ರ ಒಳಗ ಗಾಳಿ ಕೆಟ್ಟದ ಅಂತ. ಒಮ್ಮೊಮ್ಮಿ ದೀಪ ಯಾರ ಹಚ್ತಾರ ಅಂತ ನಮ್ಮಪ್ಪನ್ನೇ ಇಳಸೋರು. ದಿನಪೂರ್ತಿ ಬುಟ್ಟಿ ತುಂಬಿ ತುಂಬಿ ಮ್ಯಾಲ ಕೊಡ್ತಿದ್ದ. ಮ್ಯಾಲ ಬಂದು ನೀರ ಕೇಳಿದ್ರ ದೂರ ನಿಂತು ಬೊಗಸಿಗಿ ಹೊಯ್ಯೋರು. ಅವ ಮುಟ್ಟಿದ ಜ್ವಾಳಕ್ಕ ಮೈಲಿಗಿ ಇಲ್ಲ, ಅವನಿಗಿತ್ತು ನೋಡು.”

ನನ್ನ ಮುಖ ಕಾದ ಹಂಚಾಯಿತು. ಹಗ್ಗ ಹಿಡಿದ ಆ ನಾಲ್ವರಿಗೂ ಕಾಮ್ರಾನ್‌ಗೂ ನಾನು ‘ಸರ್’. ಹದಿನೇಳು ವರ್ಷ ಕಷ್ಟಪಟ್ಟು ಆದ ಸರ್. ಅವರಲ್ಲಿ ಒಬ್ಬನೂ ನಗಲಿಲ್ಲ. ಕಾಮ್ರಾನ್ ಅಂತೂ ತಲೆ ಕೆಳಗೆ ಹಾಕಿ ಕೇಳುತ್ತಿದ್ದ. ಆದರೆ ನನ್ನ ಕಿವಿಗೆ ಎಲ್ಲರೂ ನಕ್ಕ ಹಾಗೆ ಕೇಳಿಸಿತು. ಅಜ್ಜನ ಸೊಂಟದ ಹಗ್ಗ ಎಲ್ಲರ ಎದುರು ನನ್ನ ಸೊಂಟಕ್ಕೆ ಬಿದ್ದಂತಾಯಿತು. ನಾಚಿಕೆಯಾಗಬೇಕಾದದ್ದು ಗೌಡರಿಗೆ, ನನಗೇಕೆ ಆಯಿತು? ಇವತ್ತಿಗೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

“ಸಾಕ ಮಾಡ ದೊಡ್ಡವ್ವ!” ಎಂದು ಒದರಿದೆ. “ಹಗೇವೂ ಇಲ್ಲ ಗಿಗೇವೂ ಇಲ್ಲ. ಹೆಗ್ಗಣದ ಬಿಲ ಅದು. ಕಾಮ್ರಾನ್, ಎತ್ತ ಮಷಿನ್. ಆರಡಿ ಆಚಿ ಹಾಕು.”

“ಸರ್, ಇದನ್ನ ಬರಕೋಬೇಕಲ್ರಿ?”

“ಬರಿಯೋದು ನನ್ನ ಕೆಲಸ. ಎತ್ತೋದು ನಿಂದು.”

ಆರಡಿ ಆಚೆಗೆ ಗರಸು ಗಟ್ಟಿ ಸಿಕ್ಕಿತು. ಮೂವತ್ತೊಂದು ಏಟು. ಅದನ್ನೇ ಮೂರನೆಯ ಪಾಯಿಂಟು ಎಂದು ಬರೆದೆ. ನಕ್ಷೆಯಲ್ಲಿ ಗುರುತು ಮಾತ್ರ ಮೊದಲಿನ ಜಾಗದಲ್ಲೇ ಉಳಿಯಿತು. ದೊಡ್ಡವ್ವ ಚಹಾದ ಬಟ್ಟಲು ತೊಳೆದುಕೊಂಡು ಮನೆಗೆ ಹೋದಳು.

ಇದು ಒಂದನೆಯ ತಪ್ಪು. ಎರಡನೆಯದು ಫೋನಿನಲ್ಲಿ ಆಯಿತು.

ವಿಹಾರ ಕಟ್ಟಲು ಹಿಡಿದ ಗೌಂಡಿ ಬಂದೇನವಾಜ್, ಕಮಲಾಪುರದವನೇ, ನನಗಿಂತ ಐದಾರು ವರ್ಷ ದೊಡ್ಡವನು. ಅವನು ಎಬ್ಬಿಸಿದ ಗೋಡೆ ನೆಟ್ಟಗಿದೆಯೇ ಎಂದು ಓಳಂಬ ಹಿಡಿದರೆ ಓಳಂಬವೇ ನಾಚಿಕೊಳ್ಳಬೇಕು ಎಂದು ದತ್ತಪ್ಪ ಕಾಕಾ ಹೊಗಳುತ್ತಿದ್ದ. ಪಾಯ ತೋಡುವಾಗ ಅವನು ನನ್ನ ನಂಬರು ಹುಡುಕಿ ಫೋನು ಮಾಡಿದ. ನಾನು ಜಗತ್ ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ನಿಂತಿದ್ದೆ.

“ಸಾಹೇಬ್ರ, ಹಿಂದಿನ ಮೂಲಿ ಪಾಯಾ ತೋಡೀವ್ರಿ. ಗರಸು ಗಟ್ಟಿ ಅದ ಖರೆ, ಆದ್ರ ಹಾರಿ ಹೊಡದ್ರ ದನಿ ಬ್ಯಾರೆ ಬರ್ಲಾಕತ್ತದ. ಖಾಲಿ ಕೊಡ ಬಡದಂಗ. ಒಮ್ಮಿ ಬಂದು ನೋಡ್ತೀರೇನು?”

“ರಿಪೋರ್ಟಿನ್ಯಾಗ ಏನ ಬರದದ?”

“ಗಟ್ಟಿ ಅಂತೇ ಬರದದ್ರಿ.”

“ಮತ್ತ? ಮಷಿನ್ ಖರೇನೋ, ನಿನ್ನ ಕಿವಿ ಖರೇನೋ?”

“ನೀವು ಓದಿದೋರು. ಮಷಿನ್ನೇ ಖರೇ ಬಿಡ್ರಿ,” ಎಂದು ಸಂಕೋಚದಿಂದ ನಕ್ಕ.

ಹಸಿರು ದೀಪ ಬಿತ್ತು. ಹಿಂದಿನ ಆಟೋದವನು ಹಾರ್ನು ಹೊಡೆದ, ನಾನು ಗಾಡಿ ಬಿಟ್ಟೆ. ಕಮಲಾಪುರಕ್ಕೆ ಹೋಗಿ ನೋಡಿ ಬರಲು ಅರ್ಧ ದಿನ ಸಾಕಿತ್ತು. ಹೋಗಲಿಲ್ಲ. ಹೋದರೆ ಹಗೇವು ಸಿಗುತ್ತದೆಂದು ನನಗೆ ಗೊತ್ತಿತ್ತು.

ಮುಂದಿನ ವರ್ಷ ಏಪ್ರಿಲ್ ಹದಿನಾಲ್ಕಕ್ಕೆ ವಿಹಾರ ತೆರೆದರು. ನೀಲಿ ಬಾವುಟ, ಪಂಚಶೀಲ, ಊಟ. ನನಗೆ ಶಾಲು ಹೊದಿಸಿ, ನಮ್ಮ ಹುಡುಗ ಮಣ್ಣಿನ ಡಾಕ್ಟರು ಎಂದರು. ಬಂದೇನವಾಜ್ ಹಿಂದೆ ನಿಂತು ಗೋಡೆಯ ಮೇಲೆ ಕೈಯಾಡಿಸುತ್ತಿದ್ದ, ಎಮ್ಮೆಯ ಮೈ ಸವರಿದ ಹಾಗೆ. ಸಂಜೆಯಾದರೆ ಮೇಲಿನ ಕೋಣೆಯಲ್ಲಿ ಓಣಿಯ ಮಕ್ಕಳು ಕೂತು ಓದತೊಡಗಿದರು.

ಜುಲೈನಲ್ಲಿ ಮೂರು ದಿನ ಬಿಡದೆ ಮಳೆ ಹಿಡಿಯಿತು. ನೀರು ಇಳಿದು ಹಗೇವಿನ ನೆತ್ತಿ ಕುಸಿಯಿತು. ಹಿಂದಿನ ಮೂಲೆಯ ಕಂಬ ಒಂದು ಗೇಣು ಕೆಳಗೆ ಕೂತಿತು, ಗೋಡೆ ಮೇಲಿನಿಂದ ಕೆಳಗಿನವರೆಗೆ ಕೈ ತೂರುವಷ್ಟು ಸೀಳಿತು. ಮೇಲೆ ಓದುತ್ತಿದ್ದ ಹನ್ನೊಂದು ಮಕ್ಕಳು ಚೀರುತ್ತ ಇಳಿದು ಬಂದರು. ಯಾರಿಗೂ ಏನೂ ಆಗಲಿಲ್ಲ. ಬಾಗಿಲಿಗೆ ಬೀಗ ಬಿತ್ತು.

ಮರುದಿನ ಕಮಿಟಿ ಕೂಡಿತು. ನನ್ನನ್ನೂ ಕರೆಸಿದರು. ನಾನು ಹೋಗುವ ಹೊತ್ತಿಗೆ ಬಂದೇನವಾಜನನ್ನು ನಡುವೆ ನಿಲ್ಲಿಸಿದ್ದರು. ಉಸುಕು ಜಾಸ್ತಿ ಹೊಡೆದಾನೆ ಎಂದು ಒಬ್ಬ, ಸಿಮೆಂಟು ತನ್ನ ಮನೆಗೆ ಸಾಗಿಸಿರಬೇಕು ಎಂದು ಇನ್ನೊಬ್ಬ, ನಮ್ಮ ವಿಹಾರ ಅಂತ ಬೇಕಂತಲೇ ಮಾಡ್ಯಾನೆ ಎಂದು ಮತ್ತೊಬ್ಬ. ಅವನು ಕೈ ಮುಗಿದು, “ದನಿ ಬ್ಯಾರೆ ಇತ್ತ್ರಿ ಆ ಮೂಲ್ಯಾಗ, ನಾ ಸಾಹೇಬ್ರಿಗಿ ಫೋನ್—” ಎಂದು ಶುರು ಮಾಡಿದವನು ನನ್ನ ಮುಖ ನೋಡಿ ನಿಲ್ಲಿಸಿದ.

ದತ್ತಪ್ಪ ಕಾಕಾ ನನ್ನ ಕಡೆ ತಿರುಗಿದ. “ಪ್ರೇಮ್ಯಾ, ನೀ ಹೇಳು. ನೆಲದ್ದೇನರೆ ತಪ್ಪದೇನು?”

ಅಲ್ಲಿ ಕೂತಿದ್ದ ನಲವತ್ತು ಜನರೂ ನನ್ನನ್ನು ನೋಡಿದರು. ದೊಡ್ಡವ್ವ ಬಾಗಿಲ ಹತ್ತಿರ ನಿಂತು ನೋಡಿದಳು.

“ನೆಲ ಗಟ್ಟಿ ಇತ್ತು ಕಾಕಾ,” ಎಂದೆ. “ರಿಪೋರ್ಟಿನ್ಯಾಗೇ ಬರದದಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರೆ. ಇಲ್ಲಿ ಬರೆಯ ಸಲಾಕೆ ಕಾಯಿಸಿ ಕೊಟ್ಟವನು ಎತ್ತೇ. ಬಂದೇನವಾಜ್ ಮುಗಿದ ಕೈ ಇಳಿಸಿದ. ಅವನ ಕಣ್ಣಲ್ಲಿ ಸಿಟ್ಟಿದ್ದರೆ ಚೆನ್ನಾಗಿತ್ತು. ಅವನು ನಿಂತಲ್ಲೇ ಏನನ್ನೋ ಲೆಕ್ಕ ಹಾಕುತ್ತಿದ್ದವನಂತೆ ಕಂಡ.

ಆಮೇಲೆ ಕಮಲಾಪುರದ ದಾರಿ ಬಿಟ್ಟೆ. ಆ ಕಡೆ ಕೆಲಸ ಬಂದರೆ ಬೇರೆಯವರನ್ನು ಕಳಿಸಿದೆ. ದೊಡ್ಡವ್ವನ ಫೋನು ಬಂದರೆ ಸಂಘಮಿತ್ರಾಳ ಕೈಗೆ ಕೊಟ್ಟೆ. ಬಾಳೆಹಣ್ಣಿನ ಬಂಡಿಯವನು “ಕಮಲಾಪುರದ ಕೆಂಪು ಬಾಳಿ” ಎಂದು ಕೂಗಿದರೂ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದೆ. ಹೇಳಬೇಕು, ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ ಎಂದುಕೊಂಡೇ ಏಳು ತಿಂಗಳು ಕಳೆದೆ.

ಈ ಫೆಬ್ರವರಿಯಲ್ಲಿ ಕೋಟನೂರದ ಒಂದು ಹೊಸ ಲೇಔಟಿನಲ್ಲಿ ಕೆಲಸವಿತ್ತು. ಹಗ್ಗ ಎಳೆಯುವ ಒಬ್ಬನಿಗೆ ಮೈ ಹುಷಾರಿರಲಿಲ್ಲ. ಕಾಮ್ರಾನ್ ಬೆಳಿಗ್ಗೆ ಕೂಲಿಯವರು ನಿಲ್ಲುವ ನಾಕಾದಿಂದ ಒಬ್ಬನನ್ನು ಕರೆತಂದ. ನೋಡಿದರೆ ಬಂದೇನವಾಜ್. ಸೊರಗಿದ್ದ, ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕೈ ಮುಗಿದ.

“ಕೂಲಿಗಿ ಯಾಕ ಬಂದಿ ಭಾಯಿ? ಗೌಂಡಿ ಕೆಲಸ?”

“ಕಮಲಾಪುರದಾಗ ಯಾರ ಕೊಡ್ತಾರ್ರಿ? ವಿಹಾರ ಕೆಡಿಸಿದಂವ ಅಂತ ಹೆಸರ ಬಿದ್ದದ. ಇಲ್ಲಿ ಕೊಡೋರು ಅದಾರ, ಆದ್ರ ಗೋಡಿಗಿ ಕರಣಿ ಹಚ್ಚಲಾಕ ಧೈರ್ಯ ಸಾಲವಲ್ದ್ರಿ. ಹಗ್ಗ ಎಳೀಲಾಕ ಅಡ್ಡಿಲ್ಲ.”

ಹ್ಯಾಮರು ಬೀಳತೊಡಗಿತು. ಬಾಯಿ ಎಣಿಸುತ್ತಿತ್ತು, ಮನಸ್ಸು ಎಣಿಸುತ್ತಿರಲಿಲ್ಲ. “ಹನ್ನೊಂದು,” ಎಂದೆ.

“ಹನ್ನೆರಡ ಆದವ್ರಿ ಸಾಹೇಬ್ರ,” ಎಂದ ಹಗ್ಗ ಹಿಡಿದೇ. “ಒಂದ ಏಟು ಬಿಟ್ರೂ ಲೆಕ್ಕ ತಪ್ತದಲ್ರಿ. ಮಂದಿ ಮನಿ ನಿಲ್ಲೋದೇ ಇದರ ಮ್ಯಾಲ.”

ಕೊಂಕಿನಿಂದ ಆಡಿದ ಮಾತಲ್ಲ. ಕೊಂಕು ಅವನ ಜಾಯಮಾನದಲ್ಲೇ ಇಲ್ಲ. ನಾನು ಹನ್ನೊಂದನ್ನು ಹೊಡೆದು ಹನ್ನೆರಡು ಮಾಡಿದೆ.

ಮಧ್ಯಾಹ್ನ ಅವನು ಬುತ್ತಿ ಬಿಚ್ಚಿ, ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ನನಗೆ ಕೊಟ್ಟ. ಬೇಡ ಎನ್ನಲಾಗಲಿಲ್ಲ. ಎರಡು ತುತ್ತು ಉಂಡು ಕೇಳಿದ.

“ಸಾಹೇಬ್ರ, ಒಂದ ಮಾತು. ಪಾಯಾದ ಕಾಂಕ್ರೀಟಿಗಿ ಎರಡ ಬಕೆಟ್ ನೀರ ಜಾಸ್ತಿ ಆದ್ರ ಕಂಬ ಕೂಡ್ತದೇನ್ರಿ?”

“ಯಾಕ?”

“ಹಿಂದಿನ ಮೂಲಿ ಪಾಯಾ ತುಂಬೋ ದಿನ ನನ್ನ ಮಗಳಿಗಿ ಜ್ವರ ಬಂದಿತ್ತು. ದವಾಖಾನಿಗಿ ಹೋಗಿ ಒಂದ ತಾಸಿಗಿ ಬಂದೆ. ಆ ಒಂದ ತಾಸು ಮಾಲು ಕಲಸಿದೋರು ಬ್ಯಾರೆಯವ್ರು. ನಿಮ್ಮ ಮಷಿನ್ ನೆಲ ಗಟ್ಟಿ ಅಂದದ. ಅಂದ ಮ್ಯಾಲ ತಪ್ಪು ನಂದೇ ಇರಬೇಕಲ್ರಿ? ಹುಡಕಿ ಹುಡಕಿ ಆ ಒಂದ ತಾಸೇ ಸಿಕ್ಕದ ನನಗ. ದತ್ತಪ್ಪನವರಿಗೂ ಹೋಗಿ ಹೇಳೀನಿ, ತಪ್ಪಾಗ್ಯಾದ ಅಂತ.”

 ಮಾಡದ ತಪ್ಪನ್ನು ಹುಡುಕಿ ತೆಗೆದು, ಹೋಗಿ ಒಪ್ಪಿಕೊಂಡು ಬಂದಿದ್ದಾನೆ ಈ ಮನುಷ್ಯ. ನನ್ನ ಬರಹದ ಮೇಲೆ ಅಷ್ಟು ನಂಬಿಕೆ ಅವನಿಗೆ. ಆಗಲೇ, ಅಲ್ಲೇ ಹೇಳಬಹುದಿತ್ತು. ಕಾಮ್ರಾನ್ ದೂರ ಕೂತು ನನ್ನನ್ನೇ ನೋಡುತ್ತಿದ್ದ. “ನೋಡಬೇಕು ಭಾಯಿ,” ಎಂದು ಗೊಣಗಿ, ಅವನು ಕೊಟ್ಟ ರೊಟ್ಟಿ ತಿಂದು ಮುಗಿಸಿ ಎದ್ದೆ. ಥೂ ನನ್ನ ಜನ್ಮಕ್ಕೆ ಎಂದುಕೊಂಡೆ.

ಆ ಭಾನುವಾರ ದತ್ತಪ್ಪ ಕಾಕಾನಿಗೆ ಫೋನು ಮಾಡಿ ಎಲ್ಲರನ್ನೂ ಕೂಡಿಸಲು ಹೇಳಿದೆ. ಮಷಿನ್ ಹೇರಿಕೊಂಡು ಹೋದೆವು. ದಾರಿಯಲ್ಲಿ ಕಾಮ್ರಾನ್‌ಗೆ 'ಒಂದು ವಿಷಯ ಹೇಳಬೇಕು' ಎಂದು ಶುರು ಮಾಡಿದೆ.

“ನನಗ ಗೊತ್ತದ್ರಿ ಸರ್,” ಎಂದ ಅವನು ರಸ್ತೆ ನೋಡುತ್ತಲೇ. “ಮಷಿನ್ ಎತ್ತಿದಾಂವ ನಾನೇ ಅಲ್ಲೇನು? ನೀವು ಯಾವಾಗ ಹೇಳ್ತೀರಂತ ನೋಡ್ಲಾಕತ್ತಿದ್ದೆ.”

ಕುಸಿದ ಮೂಲೆಯ ಗೋಡೆಗೆ ಎರಡಡಿ ಹೊರಗೆ ಚೌಕಟ್ಟು ನಿಲ್ಲಿಸಿದೆವು. ಓಣಿಯ ಜನ ಸುತ್ತ ನಿಂತರು. ನಾನು ದೊಡ್ಡ ದನಿಯಲ್ಲಿ ಎಣಿಸಿದೆ. ಎಂಟಡಿಯವರೆಗೆ ಗರಸು ಏಟಿಗೆ ಏಟು ತಡೆಯಿತು. ಆಮೇಲೆ ಹ್ಯಾಮರು ರಾಡಿನ ಸಮೇತ ಒಮ್ಮೆಲೇ ಒಳಗೆ ಇಳಿಯಿತು. ಮೇಲೆತ್ತಿ ಕೊಳವೆ ಬಿಚ್ಚಿ, ಕರಿ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದೆ.

“ಇದು ಹಗೇವು. ಎರಡ ವರ್ಷದ ಹಿಂದೇ ನನಗ ಸಿಕ್ಕಿತ್ತು. ದೊಡ್ಡವ್ವ ಹೇಳಿದ್ಲು, ನಾ ಬೈದು ಬಾಯಿ ಮುಚ್ಚಿಸಿದೆ. ಆರಡಿ ಆಚಿಗಿ ಮಷಿನ್ ಹಾಕಿ, ಇಲ್ಲೇ ಹಾಕೀನಿ ಅಂತ ಸುಳ್ಳ ಬರದೆ. ಗೌಂಡಿ ಫೋನ್ ಮಾಡಿ ದನಿ ಬ್ಯಾರೆ ಅದ ಅಂದ, ಅವನಿಗೂ ಬೈದೆ. ಹೋದ ಮಳಿಗಾಲದಾಗ ನಿಮ್ಮೆಲ್ಲರ ಮುಂದ ನಿಂತು ಮತ್ತ ಸುಳ್ಳ ಹೇಳಿದೆ. ವಿಹಾರ ಕೆಡಿಸಿದಾಂವ ನಾನು. ಬಂದೇನವಾಜನದು ಒಂದ ಕಾಳಿನಷ್ಟೂ ತಪ್ಪಿಲ್ಲ.”

ಬೈಯುತ್ತಾರೆ ಎಂದುಕೊಂಡಿದ್ದೆ. ಹೊಡೆದರೂ ಹೊಡೆಯಲಿ ಎಂದು ಬಂದಿದ್ದೆ.  ದತ್ತಪ್ಪ ಕಾಕಾ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

“ಹೇಳಿದ್ಯಲ್ಲ, ಸಾಕು. ಇದನ್ನ ಇಲ್ಲೇ ಮುಚ್ಚೋಣು.”

“ಅಂದ್ರ?”

“ಅಂದ್ರ ಏನೋ, ಖೋಡಿ. ನಿನ್ನ ಹೆಸರ ಹೇಳಿ ಓಣ್ಯಾನ ಹುಡುಗರಿಗೆ ಓದಸ್ಲಾಕತ್ತೀವಿ ನಾವು. ನೀನೇ ಸುಳ್ಳ ಬರದಿ ಅಂತ ಊರಾಗ ಗೊತ್ತಾದ್ರ ನಾಳೆ ನಮಗ ಏನಂತಾರ? ಹಗೇವಿನ ಸುದ್ದಿ ಓಣಿ ದಾಟದಿದ್ರಾಯ್ತು. ಗೌಂಡಿ ಹ್ಯಾಂಗೂ ತಾನೇ ಒಪ್ಪಿಕೊಂಡಾನ, ಊರಾಗಿನ ಕೆಲಸಾನೂ ಬಿಟ್ಟಾನ.”

ಹಿಂದೆ ನಿಂತ ಒಂದಿಬ್ಬರು ಹೌದೌದು ಎಂದರು. ಖರೆ ಹೇಳುತ್ತೇನೆ, ಆ ಮಾತು ಕೇಳಿ ಒಂದು ಕ್ಷಣ ನನ್ನ ಎದೆ ಹಗುರಾಯಿತು. ನನ್ನವರು ನನ್ನನ್ನು ಕಾಯುತ್ತಾರೆ ಎಂದು ಸಮಾಧಾನವಾಯಿತು. ಆ ಸಮಾಧಾನಕ್ಕೇ ಈಗ ಹೆಚ್ಚು ನಾಚಿಕೆ.

ದೊಡ್ಡವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

“ದತ್ತು, ನಮ್ಮಪ್ಪನ್ನ ಕೆಳಗ ಇಳಿಸಿ ಹಗ್ಗ ಹಿಡದು ಮ್ಯಾಲ ನಿಂತೋರು ಗೌಡರ ಮಂದಿ. ಎಳದ್ರ ಬದುಕ್ತಿದ್ದ, ಬಿಟ್ರ ಸಾಯ್ತಿದ್ದ. ಈಗ ಆ ಗೌಂಡಿ ಕೆಳಗದಾನ. ಹಗ್ಗ ನಮ್ಮ ಕೈಯಾಗ ಅದ. ನಾವೂ ಅವರಂಗೇ ಮಾಡೂದಾದ್ರ ಇಲ್ಲಿ ಬುದ್ಧನ ಯಾಕ ಕೂಡಿಸೀರಿ?” ಆಮೇಲೆ ನನ್ನ ಕಡೆ ತಿರುಗಿದಳು. “ಮೊನ್ನಿ ಮಳಿಗಾಲದಾಗ ನಾನೇ ಹೇಳಬೇಕಿತ್ತು. ತಂಗಿ ಮಗ ಅಂತ ಸುಮ್ಮನಾದೆ. ನನ್ನದೂ ತಪ್ಪದ.”

ದತ್ತಪ್ಪ ಕಾಕಾ ಕನ್ನಡಕ ತೆಗೆದು ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ಕೊನೆಗೆ ಕಮಿಟಿಯ ಪುಸ್ತಕ ತರಿಸಿದ. ನಾನು ಹೇಳಿದ್ದನ್ನೆಲ್ಲ ಅದರಲ್ಲಿ ಬರೆದು, ಮೂರು ಪಾಯಿಂಟಿನ ನಿಜವಾದ ನಕ್ಷೆ ಎಳೆದು ಸಹಿ ಹಾಕಿದೆ. ಅದರ ಒಂದು ಪ್ರತಿ ಮಾಲೀಕರಿಗೂ ಕೊಡಬೇಕು; ನೌಕರಿಯ ಗತಿ ಏನೋ, ಆಮೇಲೆ ನೋಡಿದರಾಯಿತು. “ನಡಿ, ಗೌಂಡಿ ಮನಿಗಿ ನಾನೂ ಬರ್ತೀನಿ,” ಎಂದ ಕಾಕಾ. ಮೊದಲು ನಾನೊಬ್ಬನೇ ಹೋಗಬೇಕು ಎಂದೆ.

ಬಂದೇನವಾಜ್ ಭಾನುವಾರ ಊರಲ್ಲೇ ಇರುತ್ತಿದ್ದ. ಎರಡು ಕೋಣೆಯ ತಗಡಿನ ಮನೆ. ಅಂಗಳದಲ್ಲಿ ಕೂತು ಹರಿದ ಚಪ್ಪಲಿಗೆ ದಾರ ಹಾಕುತ್ತಿದ್ದವನು ನನ್ನನ್ನು ಕಂಡು ಗಡಬಡಿಸಿ ಎದ್ದು ಕುರ್ಚಿ ಹಾಕಿದ. ನಾನು ಕೂಡಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಹಗೇವು, ಆರಡಿ, ಸುಳ್ಳು, ಫೋನು. ಎಲ್ಲೂ ನಿಲ್ಲಿಸದೆ ಹೇಳಿದೆ, ನಿಲ್ಲಿಸಿದರೆ ಮತ್ತೆ ಬಾಯಿ ಕಟ್ಟುತ್ತದೆ ಎಂಬ ಹೆದರಿಕೆ.

ಅವನು ಸೂಜಿ ಹಿಡಿದೇ ಕೇಳಿಸಿಕೊಂಡ. ಕೇಳಿ ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಮಾತು.

“ಕಂಬ ಸೀಳ್ಯಾದೇನ್ರಿ?”

“ಇಲ್ಲ ಭಾಯಿ. ಕೂದಲೆಳಿಯಷ್ಟೂ ಸೀಳಿಲ್ಲ. ಇಡೀ ಕಂಬ ಇದ್ದಂಗೇ ಕೆಳಗ ಕೂತದ.”

“ಅಂದ್ರ ನನ್ನ ಮಾಲು ಛಲೋ ಇತ್ತು?”

“ಛಲೋ ಇತ್ತು. ನೆಲ ಕೈ ಕೊಟ್ಟದ್ದಕ್ಕ ಗೋಡಿ ಸೀಳ್ಯಾದ.”

“ರೋಷನ್!” ಎಂದು ಅವನು ಒಳಗಿನ ಕಡೆ ಕೂಗಿದ. “ಸುನೀ ಕ್ಯಾ? ದೀವಾರ್ ಅಚ್ಛೀಚ್ ಥೀ ಕತೇ!” ಗೋಡೆ ಚೆನ್ನಾಗಿಯೇ ಇತ್ತಂತೆ ಎಂದು ಹೇಳಿ, ನನ್ನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದ. ಅಳುತ್ತಲೇ ನಗುತ್ತಿದ್ದ. “ಮೇಹರಬಾನಿ ಸಾಹೇಬ್ರ, ಬಂದು ಹೇಳಿದ್ರಿ, ದೊಡ್ಡ ಉಪಕಾರ ಆತು,” ಎಂದ. ನನಗೆ ಮೇಹರಬಾನಿ! ಕೆನ್ನೆಗೆ ಎರಡು ಬಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕೈಗಳ ಹಿಡಿತವನ್ನು ತಡೆದುಕೊಳ್ಳಲಾಗಲಿಲ್ಲ.

ಹಿಟ್ಟಿನ ಕೈಯಲ್ಲೇ ರೋಷನಬಿ ಹೊರಗೆ ಬಂದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ನಗಲೂ ಇಲ್ಲ.

“ಏಳ ತಿಂಗಳಾತ್ರಿ,” ಎಂದಳು. “ಇವರು ಅರ್ಧ ರಾತ್ರ್ಯಾಗ ಎದ್ದು ಕೂತು ಬೆರಳ ಮಡಚಿ ಎಣಸ್ತಿದ್ರು. ಎಷ್ಟ ಬುಟ್ಟಿ ಉಸುಕು, ಎಷ್ಟ ಬುಟ್ಟಿ ಸಿಮೆಂಟು, ಎಲ್ಲಿ ತಪ್ಪಿದೆ ನಾನು ಅಂತ. ಈ ಮನ್ಯಾಗ ಏಳ ತಿಂಗಳು ಯಾರೂ ಕಣ್ಣಮುಚ್ಚಿಲ್ಲ. ನಿಮಗ ಎಲ್ಲಾ ಗೊತ್ತಿತ್ತಲ್ಲ ಸಾಹೇಬ್ರ, ನಿಮಗ ನಿದ್ದಿ ಬರ್ತಿತ್ತೇನ್ರಿ?”

“ಚುಪ್ ರೋಷನ್, ಮನಿಗಿ ಬಂದೋರಿಗಿ ಹಂಗ ಕೇಳಬಾರ್ದು,” ಎಂದ ಬಂದೇನವಾಜ್ ಕಣ್ಣು ಒರೆಸಿಕೊಳ್ಳುತ್ತ.

ಅವಳು ಕದಲಲಿಲ್ಲ. ಉತ್ತರಕ್ಕೆ ನಿಂತಿದ್ದಳು. ಬರುತ್ತಿರಲಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೇ ಬಂತು. ಅಂದಿದ್ದರೆ ಅವಳಿಗೂ ಸಮಾಧಾನ, ನನಗೂ ಮರ್ಯಾದೆ. ಎಂಥ ಮಾತಿಗೂ ನನ್ನ ನಾಲಿಗೆ ಹಾಗೆ ಸುಲಭವಾಗಿ ಹೊರಳುತ್ತದೆ. ಆದರೆ ಹಗಲೆಲ್ಲ ಚುಚ್ಚುತ್ತಿದ್ದದ್ದು ಎಷ್ಟೇ ಚುಚ್ಚಿರಲಿ, ರಾತ್ರಿ ಉಂಡು ತಲೆ ಕೆಳಗಿಟ್ಟರೆ ನನಗೆ ಬೆಳಗಾಗುವವರೆಗೆ ಎಚ್ಚರವಿರುತ್ತಿರಲಿಲ್ಲ.

“ಬರ್ತಿತ್ತು ಭಾಭಿ,” ಎಂದೆ. “ಛಲೋ ಬರ್ತಿತ್ತು.”

ರೋಷನಬಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಳಗೆ ಹೋದಳು.